ಇವರ ದೋಣಿಗೊಂದು ಪಂಪು

ಆಗಸ್ಟ್ 11, ಸೋಮವಾರ

ಇಡ್ಲಿ ಹಿಟ್ಟು ಇವತ್ತೂ ಉಬ್ಬಿಲ್ಲ. ಬಿಸಿಲಿನ ಮುಖ ನೋಡದೆ ವಾರವಾಯಿತು. ಪುಣೆಯ ಈ ವಾಕಡದ ರಸ್ತೆಯ ಕೆಸರೆಲ್ಲ ಗಿರಾಕಿಗಳ ಕಾಲಿನಲ್ಲಿ ಹೋಟೆಲಿನ ಒಳಗೆ. ಸುಖೇಶನಿಗೆ ಬಾಗಿಲಲ್ಲಿ ಗೋಣಿ ಹಾಕಿಸು ಎಂದೆ. ನನ್ನ ಅಣ್ಣನ ಮಗ, ಈಗ ಗಲ್ಲೆಯಲ್ಲಿ ಕೂತು ಬಿಲ್ಲು ತೆಗೆದುಕೊಳ್ಳುವವನು ಅವನೇ. ಆಯ್ತತ್ತೆ ಎಂದ. ಹಾಕಿಸಲಿಲ್ಲ.

ಅಷ್ಟರಲ್ಲಿ ಇವರು ಅಡುಗೆಮನೆ ಬಾಗಿಲಿಗೆ ಬಂದು ನಿಂತರು. ಮೊಬೈಲು ಮುಂದೆ ಹಿಡಿದರು.

"ಲೀಲಾ, ಈ ಪಂಪು ನೋಡು. ನೀಲಿ ಬಣ್ಣದ್ದು. ಎಲ್ಲರೂ ಒಳ್ಳೆದುಂಟು ಅಂತ ಬರ್ದಿದ್ದಾರೆ."

"ನೀಲಿ ಬಣ್ಣ ನೀರು ಎತ್ತುವುದಿಲ್ಲ" ಎಂದೆ. ವಯರು ನೋಡಿದೆ, ಗೇಣುದ್ದ. ದೋಣಿಯ ತಳದ ನೀರಿನಲ್ಲೇ ಜೋಡಣೆ ಬರುತ್ತದೆ, ತುಕ್ಕು ಹಿಡಿದು ಸಾಯುತ್ತದೆ. ಬೇಡ.

ಮೊಬೈಲು ಜೇಬಿಗೆ ಹಾಕಿ ಹೊರಟುಹೋದರು. ಬೆನ್ನು ನೋಡಿ ಪಾಪ ಅನ್ನಿಸಿತು. ಆದರೂ ಕರೆಯಲಿಲ್ಲ.

ಕಳೆದ ದೀಪಾವಳಿಗೆ ಗಲ್ಲೆಯಲ್ಲೇ ಕುಸಿದು ಬಿದ್ದವರು ಇವರು. ಸ್ಟೆಂಟ್ ಹಾಕಿದ ಡಾಕ್ಟರು ಹೋಟೆಲು ಬಿಡಿ, ಏನಾದರೂ ಹವ್ಯಾಸ ಹಿಡಿಯಿರಿ ಎಂದರು. ಬೇರೆ ಗಂಡಸರು ವಾಕಿಂಗ್ ಹಿಡಿಯುತ್ತಾರೆ. ಇವರು ದೋಣಿ ಹಿಡಿದರು. ಪವನಾ ಡ್ಯಾಮಿನ ಹಿನ್ನೀರಿನ ಬದಿಯಲ್ಲಿ ಟೆಂಟು ಹಾಕಿ ಪ್ರವಾಸಿಗಳನ್ನು ಮಲಗಿಸುವ ಅಮೇಯ ಎಂಬವನಿಂದ ಕೊಂಡ ಹಳೇ ಫೈಬರ್ ಬೋಟು, ಹಿಂದೆ ಸಿಕ್ಕಿಸುವ ಸಣ್ಣ ಮೋಟಾರು. ಅದರಲ್ಲಿ ಹೋಗಿ ಗಾಳ ಹಾಕಬೇಕಂತೆ. ಒಬ್ಬರೇ.

ಒಬ್ಬರೇ... ನನ್ನ ತಕರಾರು ಅಲ್ಲಿಯೇ.

ದೋಣಿಯ ತಳದಲ್ಲಿ ನೀರು ಸೇರುತ್ತಲೇ ಇರುತ್ತದೆ. ಮಳೆಯದು, ತೆರೆಯದು, ಎಲ್ಲಿಂದಲೋ ಒಸರಿದ್ದು. ಅದನ್ನು ಹೊರಗೆ ಹಾಕಲು ತಳದಲ್ಲೇ ಕೂರುವ ಒಂದು ಪಂಪು ಬೇಕು. ಬಿಲ್ಜ್ ಪಂಪು ಎನ್ನುತ್ತಾರೆ. ಇದರಲ್ಲಿದ್ದ ಹಳೆಯದು ಸುಟ್ಟುಹೋಗಿದೆ. ನನಗೆ ಅಷ್ಟು ಸಾಕಾಯಿತು. ನಾನು ಆರಿಸಿದ ಪಂಪು ಕೂರುವವರೆಗೆ ಬೋಟು ಬಿಡುವಂತಿಲ್ಲ ಎಂದೆ. ಇವರು ಖುಷಿಯಲ್ಲೇ ಒಪ್ಪಿದರು. ಮದುವೆಯಾಗಿ ಪುಣೆಗೆ ಬಂದಾಗಿನಿಂದ ಹೋಟೆಲಿನ ಖರೀದಿಯೆಲ್ಲ ನನ್ನದು. ಒಂದು ವಾರದ ಕೆಲಸ ಎಂದು ಎಣಿಸಿದರು.

ಅದು ಮೇ ತಿಂಗಳ ಮಾತು.


ಆಗಸ್ಟ್ 13, ಬುಧವಾರ

ನಾನಾ ಪೇಠೆಗೆ ಹೋಗಿದ್ದೆವು. ಗಾಡಿ ಸಾಮಾನಿನ ಅಂಗಡಿಗಳ ಮಧ್ಯೆ ಒಬ್ಬ ಪಂಪು ಇಟ್ಟಿದ್ದಾನೆ ಎಂದು ಯಾರೋ ಹೇಳಿದ್ದರು. ನಿಜ, ಇಟ್ಟಿದ್ದ.

"ಮ್ಯಾಡಮ್, ಬೋಟ್ ಕಿತೀ ಮೋಠೀ?" ಎಷ್ಟು ದೊಡ್ಡ ಬೋಟು ಎಂದು ಕೇಳಿದ. ನಾನು ಕೇಳಿದ್ದು ಬೇರೆ. ಡಬ್ಬದ ಮೇಲೆ ಗಂಟೆಗೆ ಇಷ್ಟು ನೀರು ಎಂದು ಬರೆದಿದ್ದೀರಲ್ಲ, ಅದು ಪೈಪು ಹಾಕಿದ ಮೇಲೋ, ಹಾಕುವ ಮೊದಲೋ? ಸೊಂಟದೆತ್ತರಕ್ಕೆ ಎತ್ತಿ ಹೊರಗೆ ಬಿಡುವಾಗ ಎಷ್ಟು ಉಳಿಯುತ್ತದೆ? ಬ್ಯಾಟರಿ ಅರ್ಧ ಇಳಿದಾಗ? ಅವನು ಡಬ್ಬ ತಿರುಗಿಸಿ ತಿರುಗಿಸಿ ನೋಡಿದ. ಒಳಗೆ ಹೋಗಿ ಅಪ್ಪನನ್ನು ಕರೆದುಕೊಂಡು ಬಂದ. ಅಪ್ಪನೂ ಡಬ್ಬ ತಿರುಗಿಸಿದ.

ಆ ನಂಬರೆಲ್ಲ ಪಂಪನ್ನು ಬಕೆಟಿನಲ್ಲಿ ಮುಳುಗಿಸಿ, ಪೈಪಿಲ್ಲದೆ ಓಡಿಸಿ ಅಳೆದದ್ದು. ನಿಜದ ದೋಣಿಯಲ್ಲಿ ಅರ್ಧ ಬಂದರೆ ಪುಣ್ಯ. ಗ್ರೈಂಡರ್ ಮಾರುವವರೂ ಹೀಗೇ, ಕಲ್ಲು ಖಾಲಿ ತಿರುಗಿಸಿ ತೋರಿಸುತ್ತಾರೆ.

ವಾಪಸು ಬರುವಾಗ ಒಂದು ಸಿಗ್ನಲಿನಲ್ಲಿ ಕಾರು ನಿಂತಾಗ ಇವರು ಬಾಯಿ ಬಿಟ್ಟರು.

"ನೀನು ಪಂಪು ಹುಡುಕುವುದಾ, ಮಗಳಿಗೆ ಗಂಡು ಹುಡುಕುವುದಾ?"

"ಎರಡೂ ಕೈಕೊಡುವಂಥದ್ದು ಆಗಬಾರದು."

ನಕ್ಕರು. ನಾನೂ ನಕ್ಕೆ. ಒಳಗೆ ಮಾತ್ರ, ಸದ್ಯ, ಇನ್ನೊಂದು ವಾರ ದಾಟಿತು ಎಂದು ಸಮಾಧಾನ.


ಆಗಸ್ಟ್ 20, ಬುಧವಾರ

ಎರಡು ದಿನ ಬಿಡದೆ ಹೊಡೆದ ಮಳೆ. ಅಮೇಯನ ಫೋನ್ ಬಂತು, ಬೋಟಿನಲ್ಲಿ ನೀರು ತುಂಬಿದೆ ಎಂದು. ಇವರು ಚಪ್ಪಲಿ ಹಾಕಿಯಾಗಿತ್ತು. ನಾನೂ ಹೊರಟೆ. ದೋಣಿಯನ್ನು ಕಣ್ಣಾರೆ ನೋಡಿದ್ದು ಇದೇ ಮೊದಲು.

ಎಣಿಸಿದ್ದಕ್ಕಿಂತ ಸಣ್ಣದು. ನಮ್ಮ ಹೋಟೆಲಿನ ಎರಡು ಟೇಬಲು ಸೇರಿಸಿದರೆ ಅಷ್ಟೇ. ಬಿಳಿ ಬಣ್ಣ ಹಳದಿಯಾಗಿದೆ. ಕಾಲಿಡುವ ಹಲಗೆಯ ಮೇಲೂ ನೀರು ನಿಂತಿತ್ತು. ಅಮೇಯ ಮೊಣಕಾಲವರೆಗೆ ಪ್ಯಾಂಟು ಮಡಚಿ ಮಗ್ಗಿನಲ್ಲಿ ಎರಚುತ್ತಿದ್ದ.

"ಕಾಕೂ, ಪಾಣೀ ಕಾಢಲಂ ಕೀ ಝಾಲಂ. ಬೋಟ್ ಬುಡತ್ ನಾಹೀ."

ನೀರು ತೆಗೆದರೆ ಆಯಿತಂತೆ, ಮುಳುಗುವುದಿಲ್ಲವಂತೆ. ತೆಗೆಯುವವರು ಯಾರಪ್ಪ, ನೀರಿನ ನಡುವೆ?

ಇವರು ಇಳಿದು ಎರಚತೊಡಗಿದರು. ನಾಲ್ಕು ಮಗ್ಗು ಆಗುವ ಮೊದಲೇ ನಾನು "ಸಾಕು, ಅವನು ಮಾಡ್ತಾನೆ, ಬನ್ನಿ" ಎಂದೆ. ಅಮೇಯನೂ ಬೇಡ ಕಾಕಾ ಎಂದ. ಇವರು ಮಗ್ಗು ಹಿಡಿದುಕೊಂಡೇ ಇಬ್ಬರನ್ನೂ ನೋಡಿದರು. ಕೊಟ್ಟುಬಿಟ್ಟರು.

ಇವರು ಕಡಲ ಬದಿಯ ಹೆಜಮಾಡಿಯ ಮಗ. ಅಪ್ಪನ ದೋಣಿಯಲ್ಲಿ ಬೆಳೆದವರು. ಹದಿನಾರಕ್ಕೆ ಬಸ್ಸು ಹತ್ತಿ ಬಂದು ಪುಣೆಯಲ್ಲಿ ಗ್ಲಾಸು ತೊಳೆದವರು. ಆಮೇಲೆ ಕಡಲು ನೋಡಿದ್ದು ಮದುವೆಗೋ ಸತ್ತವರ ಬೊಜ್ಜಕ್ಕೋ ಊರಿಗೆ ಹೋದಾಗ ಮಾತ್ರ. ನಾನು ಕಾರ್ಕಳದ ಕಡೆಯವಳು. ನೀರೆಂದರೆ ನನಗೆ ಬಾವಿ. ಈಜು ಬಾರದು.

ಇವರು ಗಲ್ಲೆಯಲ್ಲಿ ಬಿದ್ದ ದಿನ ನಾನು ನಾಲ್ಕು ಹೆಜ್ಜೆ ಆಚೆ ಇದ್ದೆ. ಕೈಯಲ್ಲಿ ಕಾಫಿ ಡಿಕಾಕ್ಷನ್ ಪಾತ್ರೆ. ಕುರ್ಚಿಯಿಂದ ಜಾರಿದ ಶಬ್ದ ಕೇಳಿ ಓಡಿದೆ, ಅದಕ್ಕೇ ಉಳಿದರು. ಆ ಹಿನ್ನೀರಿನ ಮಧ್ಯದಲ್ಲಿ ಜಾರಿದರೆ ಯಾರು ಓಡುವುದು? ಅದೇ ಯೋಚನೆ. ದೋಸೆ ಹುಯ್ಯುವಾಗಲೂ ಅದೇ. ಇವತ್ತು ಎರಡು ದೋಸೆ ಕರಕಾಯಿತು.


ಸೆಪ್ಟೆಂಬರ್ 2, ಮಂಗಳವಾರ

ಗಣಪತಿ ಗದ್ದಲ. ಕೂರಲು ಪುರುಸೊತ್ತಿಲ್ಲ. ಕೊರಿಯರಿನಲ್ಲಿ ಒಂದು ಪಂಪು ಬಂದಿದೆ. ಬಿಚ್ಚಿ ನೋಡಿದೆ. ನೀರು ಏರಿದಾಗ ತಾನೇ ಶುರುವಾಗುವ ತೇಲುವ ಸ್ವಿಚ್ಚು ಇಲ್ಲ, ಬೇರೆ ಕೊಳ್ಳಬೇಕು. ವಾಪಸು.

ಇವರು ಕೇಳಲೂ ಇಲ್ಲ ಯಾಕೆ ಎಂದು.


ಸೆಪ್ಟೆಂಬರ್ 14, ಭಾನುವಾರ

ಮಗಳು ತೃಪ್ತಿ ಪುಣೆಯ ಆಚೆ ತುದಿಯ ಖರಾಡಿಯಿಂದ ಬಂದಿದ್ದಳು. ಪಂಪುಗಳ ಕಥೆ ಅಪ್ಪನೇ ಊಟಕ್ಕೆ ಕೂತಾಗ ತಮಾಷೆಯಾಗಿ ಹೇಳಿದರು. ನೀಲಿಯದು, ವಯರು ಗಿಡ್ಡದ್ದು, ಜಾಲರಿ ಸಣ್ಣದ್ದು, ಸದ್ದು ಮಾಡುವುದು, ಸದ್ದೇ ಮಾಡದ್ದು. ಸುಖೇಶ ಬಿದ್ದು ಬಿದ್ದು ನಕ್ಕ. ಮಗಳು ನಗಲಿಲ್ಲ.

ಪಾತ್ರೆ ತೊಳೆಯುವಾಗ ಪಕ್ಕದಲ್ಲಿ ಬಂದು ನಿಂತಳು.

"ಅಮ್ಮ, ಸದ್ದೇ ಮಾಡದ ಪಂಪಲ್ಲಿ ಎಂತ ಪ್ರಾಬ್ಲಂ?"

"ಓಡ್ತಾ ಉಂಟಾ ಇಲ್ವಾ ಗೊತ್ತಾಗುದು ಹೇಗೆ?"

"ಸದ್ದು ಮಾಡುದ್ರಲ್ಲಿ?"

ಕಾವಲಿ ಎತ್ತಿಕೊಂಡೆ.

"ನೀನು ಪಂಪು ಹುಡುಕ್ತಾ ಇಲ್ಲ ಅಮ್ಮ. ಪಪ್ಪನನ್ನು ಕಟ್ಟಿಹಾಕ್ತಾ ಇದ್ದಿ. ಸೀದಾ ಬೇಡ ಅಂತ ಹೇಳು. ಅಷ್ಟು ಫೇರ್ ಆಗಿರು."

ಕೈಯಲ್ಲಿದ್ದ ಕಾವಲಿಯನ್ನು ಜೋರಾಗಿ ಉಜ್ಜಿದೆ. ದೊಡ್ಡ ಆಫೀಸಿನಲ್ಲಿ ಕೂರುವವಳು, ಎಲ್ಲರ ಒಳಗೂ ಇಣುಕುತ್ತಾಳೆ.

ಹೌದು. ಇಲ್ಲಿ ಬರೆದುಬಿಡುತ್ತೇನೆ, ಯಾರೂ ಓದುವುದಿಲ್ಲ. ಹೌದು. ಆ ಬೋಟು ಯಾವ ಪಂಪಿನಿಂದಲೂ ನನಗೆ ಸರಿಹೋಗುವುದಿಲ್ಲ. ಬೇಡ ಎಂದು ಬಾಯಿಬಿಟ್ಟು ಹೇಳಿದರೆ ಇವರು ಬಿಟ್ಟುಬಿಡುತ್ತಾರೆ, ಮರುಮಾತಿಲ್ಲದೆ. ಹಾಗೆ ಬಿಡುವುದನ್ನು ನೋಡಲು ಧೈರ್ಯವಿಲ್ಲ. ಅದಕ್ಕೆ ಪಂಪಿನ ಮೇಲೆ ತಪ್ಪು.


ಸೆಪ್ಟೆಂಬರ್ 19, ಶುಕ್ರವಾರ

ಮಧ್ಯಾಹ್ನ ಮನೆಗೆ ಬಂದರೆ ಇವರು ಊಟದ ಮೇಜಿನಲ್ಲಿ ಕೂತು ಹೋಟೆಲಿನ ಟಿಶ್ಯೂ ಪೇಪರ್ ಮಡಚುತ್ತಿದ್ದರು. ಒಂದು ಕಟ್ಟು ಆಗಿದೆ, ಇನ್ನೊಂದು ಬಿಚ್ಚಿದ್ದಾರೆ. ಯಾರು ಹೇಳಿದ್ದು ಎಂದೆ. ಸುಮ್ಮನೆ, ಕೈ ಖಾಲಿ ಇತ್ತು ಎಂದರು.

ಆಮೇಲೆ, ತಲೆ ಎತ್ತದೆ: "ಅಮೇಯನ ಹತ್ರ ಒಬ್ಬ ಗಿರಾಕಿ ಇದ್ದಾನಂತೆ. ಬೋಟು ಕೊಟ್ಟುಬಿಡುವ."

"ಯಾಕೆ?"

"ಎಂತಕ್ಕೆ ಅದು ಇನ್ನು. ಸುಮ್ಮನೆ ಮಳೆಗೆ ಕೊಳೀತದೆ."

ನಾಲ್ಕು ತಿಂಗಳಿನಿಂದ ಕಾದ ಮಾತು. ಕುಣಿಯಬೇಕಿತ್ತು ನಾನು. ಆಯಿತು ಎನ್ನಲು ಬಾಯಿ ತೆರೆದೆ. ಪೇಪರ್ ಮಡಚುವ ಕೈ ಕಂಡಿತು. ಅಂಚಿಗೆ ಅಂಚು ಕೂಡಿಸಿ, ಉಗುರಿನಿಂದ ಗೀರಿ, ಮತ್ತೊಂದು. ಇಡೀ ಹೋಟೆಲು ಎತ್ತಿ ನಿಲ್ಲಿಸಿದ ಕೈ.

"ನಾಳೆ ನೋಡುವ" ಎಂದು ಹೇಳಿ ಮತ್ತೆ ಹೋಟೆಲಿಗೆ ಬಂದೆ. ಕೆಲಸ ಏನೂ ಇರಲಿಲ್ಲ. ಸ್ಟೋರಿನಲ್ಲಿ ಸಕ್ಕರೆ ಚೀಲ ಆಚೆಯಿಂದ ಈಚೆ ಇಡಿಸಿದೆ. ಮತ್ತೆ ಈಚೆಯಿಂದ ಆಚೆ. ಸುಖೇಶ ಏನತ್ತೆ ಎಂದ. ಸಿಟ್ಟು ಬಂತು, ಬೈದೆ. ಅವನದೇನು ತಪ್ಪು.


ಸೆಪ್ಟೆಂಬರ್ 20, ಶನಿವಾರ

ಪಂಪು ತಂದೆ. ಒಬ್ಬಳೇ ಹೋಗಿ.

ಅದೇ ನಾನಾ ಪೇಠೆಯ ಅಂಗಡಿ. ಅಪ್ಪ-ಮಗ ನನ್ನನ್ನು ನೋಡಿ ಮುಖ ಮುಖ ನೋಡಿಕೊಂಡರು. ಈ ಸಲ ಬೇಗ ಮುಗಿಸಿದೆ. ಏನು ಬೇಕೆಂದು ನನಗೆ ಜೂನಿನಲ್ಲೇ ಗೊತ್ತಿತ್ತು.

ಎರಡು ತಂದೆ. ಒಂದು ಕರೆಂಟಿನದು, ಬ್ಯಾಟರಿಗೆ ಜೋಡಿಸುವಂಥದ್ದು. ಬೋಟಿಗೆ ಬೇಕಾದ್ದಕ್ಕಿಂತ ಒಂದು ಅಳತೆ ದೊಡ್ಡದು. ತೇಲುವ ಸ್ವಿಚ್ಚು ಸಮೇತ, ನೀರು ಏರಿದರೆ ಯಾರೂ ಮುಟ್ಟದೆ ಶುರುವಾಗುತ್ತದೆ. ಬೇಕೆಂದರೆ ಕೈಯಿಂದಲೂ ಹಾಕಬಹುದು, ಆಗ ಕೆಂಪು ದೀಪ. ಅಡಿಯ ಜಾಲರಿ ದೋಣಿಯ ತಳಕ್ಕೆ ಕಚ್ಚಿರುತ್ತದೆ, ಪಕ್ಕದ ಎರಡು ಕಿವಿ ಒತ್ತಿದರೆ ಪಂಪಿನ ತಲೆ ಮಾತ್ರ ಕೈಗೆ ಬರುತ್ತದೆ. ಒಳಗೆ ನಯವಾಗಿರುವ ಪೈಪು, ಸುಕ್ಕಿನದಲ್ಲ. ಸುಕ್ಕಿನ ಪೈಪಿನಲ್ಲಿ ನೀರು ಎಡವಿ ಎಡವಿ ಹೋಗುತ್ತದೆ. ಎರಡನೆಯದು ಕೈಪಂಪು. ಬ್ಯಾಟರಿ ಸತ್ತರೆ ಹಿಡಿ ಹಿಡಿದು ಆಡಿಸಬೇಕು, ಅಷ್ಟೇ.

ಮೇಜಿನ ಮೇಲೆ ಇಟ್ಟೆ, ಟಿಶ್ಯೂ ಕಟ್ಟು ಪಕ್ಕಕ್ಕೆ ಸರಿಸಿ. ಇವರು ಡಬ್ಬ ನೋಡಿದರು. ನನ್ನನ್ನು ನೋಡಿದರು.

"ಇದರಲ್ಲಿ ಎಂತ ಕುಂದು?"

"ಇಲ್ಲ."

"ಸರಿಯಾಗಿ ನೋಡಿದ್ಯಾ?"

"ಬಾಯಿ ಮುಚ್ಚಿ ತೆಗೆದು ಇಟ್ಕೊಳ್ಳಿ ಮಾರಾಯ್ರೆ" ಎಂದೆ. ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಹೋದೆ. ಹಾಲಿರಲಿಲ್ಲ.


ಸೆಪ್ಟೆಂಬರ್ 28, ಭಾನುವಾರ

ಕೂರಿಸಿಯಾಯಿತು. ಹಲಗೆ ಎತ್ತಿ, ಹೊಟ್ಟೆಯಡಿ ಗೋಣಿ ಹಾಕಿ ಮಲಗಿ ಇವರೇ ಮಾಡಿದರು. ಅಮೇಯ ಸ್ಕ್ರೂ ಕೊಟ್ಟ. ನಾನು ದಡದಲ್ಲಿ ಕುರ್ಚಿ ಹಾಕಿಕೊಂಡು ಕೂರುವುದೂ ಇಲ್ಲ, ನಿಲ್ಲುವುದೂ ಇಲ್ಲ. ಒಂದು ಬಕೆಟ್ ನೀರು ಹೊಯ್ದು ನೋಡಿದೆವು. ಪಂಪು ತಾನೇ ಎದ್ದಿತು. ಬೋಟಿನ ಪಕ್ಕದ ತೂತಿನಿಂದ ನೀರು ಬೆರಳು ಗಾತ್ರಕ್ಕೆ ಚಿಮ್ಮಿ ಹಿನ್ನೀರಿಗೆ ಬಿತ್ತು.

ಇವರು ಅದನ್ನೇ ನೋಡುತ್ತ ನಿಂತರು. ಗಲ್ಲದಲ್ಲಿ ಗ್ರೀಸು. ಮುಖದಲ್ಲಿ ಏನೋ ಇತ್ತು, ತುಂಬ ಹಿಂದೆ ನೋಡಿದ್ದು.

ದಸರೆಗೆ ಪೂಜೆ ಮಾಡಿ ಬಿಡುವ ಎಂದೆ. ಇಷ್ಟು ದಿನ ಕಾದವರು, ಹ್ಞೂಂ ಎಂದರು.


ಅಕ್ಟೋಬರ್ 2, ಗುರುವಾರ

ಇಲ್ಲಿಯವರಂತೆ ನಾವೂ ಆಯುಧ ಪೂಜೆ ದಸರೆಯ ದಿನವೇ ಇಟ್ಟುಕೊಳ್ಳುತ್ತೇವೆ, ಕೆಲಸದವರಲ್ಲಿ ಅರ್ಧ ಮರಾಠಿಯವರು. ಬೆಳಿಗ್ಗೆ ಹೋಟೆಲಿನಲ್ಲಿ ಗ್ರೈಂಡರು, ಬಾಯ್ಲರು, ಮಿಕ್ಸಿ, ತರಕಾರಿ ಕತ್ತರಿಸುವ ಚಾಕುವಿನಿಂದ ಹಿಡಿದು ಎಲ್ಲಕ್ಕೂ ಚೆಂಡುಹೂವಿನ ಹಾರ. ಊಟದ ಗದ್ದಲ ಇಳಿದ ಮೇಲೆ ಪವನೆಗೆ.

ಅಲ್ಲಿ ಪೂಜೆ ನನ್ನದೇ. ಬುಟ್ಟಿ ತುಂಬ ಹೂ ಒಯ್ದಿದ್ದೆ. ಮೂತಿಗೊಂದು ಹಾರ, ಮೋಟಾರಿಗೊಂದು, ಎರಡೂ ಬದಿಗೆ ಇಳಿಬಿಟ್ಟದ್ದು ಬೇರೆ. ಮೂತಿಯ ಮೇಲೇ ಕಾಯಿ ಒಡೆದೆ. ಹಲಗೆ ಎತ್ತಿಸಿ ಪಂಪಿನ ತಲೆಗೆ ಕುಂಕುಮ ಹಚ್ಚಿದೆ, ಒಂದು ಗಿಡ್ಡ ಹಾರ ಸುತ್ತಿದೆ. ನಿನ್ನನ್ನು ಇಷ್ಟು ಹುಡುಕಿದ್ದೇನೆ, ಇವರನ್ನು ನೋಡಿಕೋ ಎಂದೆ. ಮನಸ್ಸು ತುಂಬಲಿಲ್ಲ. ಮುಷ್ಟಿ ತುಂಬ ಅಕ್ಷತೆ ಹಾಕಿದೆ. ಸಾಲದೆನಿಸಿ ಇನ್ನೊಂದು ಮುಷ್ಟಿ. ಇವರು ಕೈಮುಗಿದು ನಿಂತವರು, "ಅನ್ನ ಸಂತರ್ಪಣೆ ಉಂಟಾ?" ಎಂದರು. ಗದರಿದೆ.

ಅಷ್ಟರಲ್ಲಿ ಗುಡ್ಡದ ಕಡೆಯಿಂದ ಮೋಡ. ಹನಿ ಶುರು. ಇವತ್ತು ಬೇಡ, ಭಾನುವಾರ ಎಂದೆ. ಮತ್ತೆ ಒಂದು ಷರತ್ತು: ಮೊದಲ ಸಲ ನಾನೂ ಬರುತ್ತೇನೆ. ಆಮೇಲೆ ನಿಮ್ಮಿಷ್ಟ.

"ನೀನಾ? ಬೋಟಿನಲ್ಲಿ?"

ಹೌದು, ನಾನೇ.

ಹೂವೆಲ್ಲ ಹಾಗೇ ಇರಲಿ, ದೇವರದ್ದು, ತೆಗೆಯಬೇಡ ಎಂದು ಅಮೇಯನಿಗೆ ಹೇಳಿ ಬಂದೆ.


ಅಕ್ಟೋಬರ್ 5, ಭಾನುವಾರ. ಸಂಜೆ

ಅಕ್ಷರ ಗೆರೆ ಬಿಟ್ಟು ಓಡುತ್ತಿದೆ. ಬರೆಯದಿದ್ದರೆ ಕೂರಲಿಕ್ಕೂ ಆಗುವುದಿಲ್ಲ.

ಬೆಳಿಗ್ಗೆ ಬಿಸಿಲು ಚೆನ್ನಾಗಿತ್ತು. ಡಬ್ಬದಲ್ಲಿ ಇಡ್ಲಿ, ಸ್ಟೀಲಿನ ಬಕೆಟಿನಲ್ಲಿ ಸಾಂಬಾರು, ಹೋಟೆಲಿನವರ ಬುದ್ಧಿ. ಲೈಫ್ ಜಾಕೆಟ್ ಹಾಕಿದ ಮೇಲೆ ಉಸಿರು ಕಟ್ಟಿದಂತೆ. ಬೋಟು ಹತ್ತುವಾಗ ಅದು ಭಾರವಾಗಿ, ಸೋಮಾರಿಯ ಹಾಗೆ ಓಲಾಡಿತು. ನಿನ್ನ ತೂಕಕ್ಕೆ ಎಂದು ಇವರು ಗೇಲಿ ಮಾಡಿದರು. ಮೇಲೆ ಹಲಗೆ ಒಣಗಿತ್ತು. ಅಡಿಯಲ್ಲಿ ಏನಿದೆ ಎಂದು ಇಬ್ಬರೂ ನೋಡಲಿಲ್ಲ. ಪಂಪು ತಾನೇ ಓಡುತ್ತದಲ್ಲ, ನಾನು ಆರಿಸಿದ ಪಂಪು.

ನಿಧಾನ ಹೋಗುವವರೆಗೆ ಸರಿಯಿತ್ತು. ಹೆದರಿಕೆಯ ಮಧ್ಯೆಯೂ ಚಂದ ಅನ್ನಿಸಿತು ಎಂದು ಒಪ್ಪಬೇಕು. ಸುತ್ತ ಹಸಿರು ಗುಡ್ಡ. ಇವರು ಹಿಂದೆ ಮೋಟಾರಿನ ಹಿಡಿ ಹಿಡಿದು ಕೂತ ರೀತಿ ನೋಡಿ, ಇವರು ಹುಟ್ಟಿದ್ದು ಇದಕ್ಕೇ ಏನೋ ಅಂದುಕೊಂಡೆ.

ನಡು ನೀರಿಗೆ ಬಂದ ಮೇಲೆ ಜೋರು ಬಿಟ್ಟರು. ಮೂತಿ ಎದ್ದಿತು. ಹಲಗೆಯ ಅಡಿಯಲ್ಲಿ ಗುಡುಗಿದ ಹಾಗೆ ಒಂದು ಸದ್ದು. ಅಡಿಯಲ್ಲಿದ್ದ ನೀರೆಲ್ಲ ಒಮ್ಮೆಲೇ ಹಿಂದಕ್ಕೆ ಓಡಿತು. ಹಿಂಭಾಗ ಕುಸಿಯಿತು, ಬೆನ್ನಟ್ಟಿ ಬಂದ ನಮ್ಮದೇ ತೆರೆ ಒಳಗೆ ಹಾರಿತು. ನನ್ನ ಚಪ್ಪಲಿ ತೇಲಿತು.

ಇವರು ಮೋಟಾರು ನಿಲ್ಲಿಸಿ ಪಂಪಿನ ಸ್ವಿಚ್ಚು ಒತ್ತಿದರು. ಕೆಂಪು ದೀಪ ಬಂತು. ಗುಂಯ್ ಎಂಬ ಸದ್ದೂ ಬಂತು. ಪಕ್ಕದ ತೂತಿನಿಂದ ನೀರು ಬರಲಿಲ್ಲ. ಒಂದು ತೊಟ್ಟೂ ಇಲ್ಲ. ನಾನು ಕೈಪಂಪಿನ ಹಿಡಿ ಎಳೆದೆ. ಎರಡು ಸಲ ನೀರು ಉಗುಳಿತು, ಮೂರನೆಯದಕ್ಕೆ ಗಟ್ಟಿಯಾಯಿತು. ಎರಡೂ ಒಟ್ಟಿಗೆ ಕೆಡುವುದು ಹೇಗೆ? ತಲೆ ಓಡಲಿಲ್ಲ. ಆಮೇಲೆ ಹಲಗೆಯ ಸಂದಿನಿಂದ ಒಂದು ಚೆಂಡುಹೂ ತೇಲಿ ಮೇಲೆ ಬಂತು.

ಗೊತ್ತಾಯಿತು.

"ಸ್ವಿಚ್ಚು ಬಂದ್ ಮಾಡಿ" ಎಂದೆ. ಹಲಗೆ ಎತ್ತಿ, ಮಂಡಿಯೂರಿ, ಭುಜದವರೆಗೆ ಕೈ ಇಳಿಸಿದೆ. ಇವರು ಸಾಂಬಾರು ಪವನೆಗೆ ಚೆಲ್ಲಿ ಬಕೆಟಿನಿಂದ ಎರಚತೊಡಗಿದ್ದರು. ಉಸಿರು ಕೇಳಿಸುತ್ತಿತ್ತು.

"ನೀವು ಕೂತ್ಕೊಳ್ಳಿ. ಬಗ್ಗಬೇಡಿ."

"ನೀನು ಕೈ ಹಾಕು. ನಾನು ಎರಚ್ತೇನೆ."

"ಎದೆ—"

"ಲೀಲಾ, ಬೈಯುವುದಿದ್ರೆ ದಡಕ್ಕೆ ಹೋದ ಮೇಲೆ ಬೈ."

ಕೆಳಗೆ ಏನೂ ಕಾಣುವುದಿಲ್ಲ. ಕಿವಿ ಎರಡೂ ಒತ್ತಿದೆ, ಪಂಪಿನ ತಲೆ ಕೈಗೆ ಬಂತು. ಮೇಜಿನ ಮೇಲೆ ಎಷ್ಟು ಸಲ ತೆಗೆದು ಹಾಕಿದ್ದೆನೋ. ಜಾಲರಿಗೆ ಬೆರಳು ಹಾಕಿದೆ. ಅಕ್ಕಿ. ಮೂರು ದಿನ ನೀರು ಕುಡಿದು ಉಬ್ಬಿ, ಹೂವಿನ ಎಸಳಿನ ಜೊತೆ ಹಿಟ್ಟಿನ ಹಾಗೆ ಮೆತ್ತಿಕೊಂಡ ಅಕ್ಕಿ. ನಾನು ಸುತ್ತಿದ ಹಾರದ ದಾರ ತೇಲುವ ಸ್ವಿಚ್ಚಿಗೆ ಸುತ್ತಿ ಅದನ್ನು ಏಳದಂತೆ ಹಿಡಿದಿತ್ತು. ಮೊನ್ನೆ ಮಳೆ ಬಿದ್ದಷ್ಟೂ ನೀರು ಅಡಿಯಲ್ಲೇ ನಿಂತಿತ್ತು. ಕೈಪಂಪಿನ ಪೈಪಿನ ಬಾಯಿಯಲ್ಲಿ ತೆಂಗಿನ ಜುಟ್ಟಿನ ನಾರು.

ಎಲ್ಲ ನಾನು ಹಾಕಿದ್ದು. ಎರಡೆರಡು ಮುಷ್ಟಿ.

ಉಗುರಿನಿಂದ ಕೆರೆದು ಕೆರೆದು ತೆಗೆದೆ. ದಾರ ಹಲ್ಲಿನಿಂದ ಕಡಿದೆ. ತಲೆ ಕೂರಿಸಿ, ಸ್ವಿಚ್ಚು ಹಾಕಿ ಎಂದೆ. ಒಂದು ಸಲ ಕೆಮ್ಮಿತು. ಹಳದಿ ನೀರು ಉಗುಳಿತು. ಆಮೇಲೆ ಬೆರಳು ಗಾತ್ರದ ನೀರು, ನಿಲ್ಲದೆ.

ಇಬ್ಬರೂ ಒದ್ದೆ ಹಲಗೆಯ ಮೇಲೆ ಕೂತೆವು. ಇವರ ಮುಖ ನೋಡಿದೆ. ಕೆಂಪಾಗಿತ್ತು, ಬೆವರಿತ್ತು. ಬೂದಿಯಾಗಿರಲಿಲ್ಲ. ಗಲ್ಲೆಯಲ್ಲಿ ಬಿದ್ದ ದಿನದ ಬೂದಿ ಬಣ್ಣ ನನಗೆ ಗೊತ್ತು, ಅದಲ್ಲ. ಇವರು ನನ್ನ ಮಣಿಕಟ್ಟಿಗೆ ಅಂಟಿದ್ದ ಒಂದು ಎಸಳು ತೆಗೆದು ನೋಡಿದರು.

"ಪಂಪಿಗೇ ಊಟ ಹಾಕಿದ್ದಿ ನೀನು."

ನಗುತ್ತಿದ್ದರು. ನಾನು ಅತ್ತೆ. ದಡ ಬರುವವರೆಗೂ ಅತ್ತೆ.

ಒಬ್ಬರೇ ಹೋಗಿದ್ದರೆ... ನನ್ನ ಪಂಪು ನಂಬಿ, ನನ್ನ ಪೂಜೆ ನಂಬಿ ಒಬ್ಬರೇ ಹೋಗಿದ್ದರೆ.


ಅಕ್ಟೋಬರ್ 9, ಗುರುವಾರ

ಕಾಫಿಗೆ ಕೂತಾಗ ಇವರೇ ತೆಗೆದರು. "ಅಮೇಯನಿಗೆ ಫೋನ್ ಮಾಡಲಾ? ಆ ಗಿರಾಕಿ ಇನ್ನೂ ಕೇಳ್ತಾ ಇದ್ದಾನಂತೆ."

ನನಗಾಗಿ ಹೇಳಿದ್ದು. ತಟ್ಟೆಗೆ ಕಾಫಿ ಬಗ್ಗಿಸಿಕೊಂಡು, ಅದನ್ನೇ ನೋಡುತ್ತ.

ಬೇಡ ಎಂದೆ.

ಎಷ್ಟು ಬೇಗ ಬಾಯಿಂದ ಬಂತೆಂದರೆ ನನಗೇ ಆಶ್ಚರ್ಯ. ಇವರು ತಟ್ಟೆ ಕೆಳಗಿಟ್ಟರು. ಯಾಕೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಇಲ್ಲಿ ಬರೆಯುತ್ತೇನೆ. ಭಾನುವಾರ ಬೋಟಿನಲ್ಲಿ ಬಕೆಟ್ ಹಿಡಿದು ನಿಂತವರನ್ನು ನೋಡಿದೆ. ಒಂದು ವರ್ಷದಿಂದ ನಾನು ಒಬ್ಬ ರೋಗಿಯನ್ನು ಕಾಯುತ್ತಿದ್ದೆ. ಉಪ್ಪು ಕಡಿಮೆ, ಮೆಟ್ಟಿಲು ನಿಧಾನ, ಮಗ್ಗು ಇಲ್ಲಿ ಕೊಡಿ. ಅಲ್ಲಿ ಇದ್ದದ್ದು ನನ್ನ ಗಂಡ. ಬಾಯಿ ಮುಚ್ಚು ಎಂದು ನನಗೆ ಹೇಳುವವರು. ಮತ್ತೆ, ಬಿದ್ದ ದಿನ ನಾನು ನಾಲ್ಕು ಹೆಜ್ಜೆ ಆಚೆ ಇದ್ದೆನಲ್ಲ, ಬೀಳುವುದನ್ನು ತಡೆದೆನಾ?

ಹೆದರಿಕೆ ಹೋಗಿಲ್ಲ. ಹೋಗುವುದೂ ಇಲ್ಲ. ಈ ವಾರವೆಲ್ಲ ಮೈಯಲ್ಲಿ ಇರುವೆ ಹರಿದಾಡಿದ ಹಾಗಿದೆ.

"ಭಾನುವಾರ ಹೋಗಿ. ಒಬ್ಬರೇ" ಎಂದೆ.

ಇವರು ತಟ್ಟೆ ಮತ್ತೆ ಎತ್ತಿಕೊಂಡರು. ತಟ್ಟೆಯ ಕಾಫಿ ಆರಿಹೋಗಿತ್ತು, ಪೂರ ಕುಡಿದರು.


ಅಕ್ಟೋಬರ್ 12, ಭಾನುವಾರ. ಪವನಾ, ದಡದಲ್ಲಿ

ಡೈರಿ ಚೀಲದಲ್ಲಿ ಹಾಕಿಕೊಂಡು ಬಂದದ್ದು ಒಳ್ಳೆಯದಾಯಿತು. ಕೈಗೆ ಏನಾದರೂ ಬೇಕು.

ಬೆಳಿಗ್ಗೆ ನಾನೇ ಹಲಗೆ ಎತ್ತಿ ಅಡಿಯನ್ನು ಬಟ್ಟೆಯಿಂದ ಒರೆಸಿದೆ. ಟಾರ್ಚು ಬಿಟ್ಟು ಮೂಲೆ ಮೂಲೆ ನೋಡಿದೆ. ಒಂದು ಅಕ್ಕಿಕಾಳು ಸಿಕ್ಕಿತು, ಎತ್ತಿ ಸೆರಗಿನ ತುದಿಯಲ್ಲಿ ಕಟ್ಟಿಕೊಂಡೆ. ಬಕೆಟ್ ನೀರು ಹೊಯ್ದೆ. ಪಂಪು ಎದ್ದಿತು, ಎಲ್ಲ ಹೊರಗೆ ಹಾಕಿ ತಾನೇ ನಿಂತಿತು. ಹೂ ಇಲ್ಲ, ಕಾಯಿ ಇಲ್ಲ. ಮೂತಿಗೆ ಒಂದು ಚೂರು ಕುಂಕುಮ ಮಾತ್ರ. ಅದನ್ನು ಬಿಡಲು ಆಗಲಿಲ್ಲ.

ಜಾಕೆಟಿನ ಪಟ್ಟಿ ನಾನೇ ಬಿಗಿದೆ. ಮಾತ್ರೆ ಮೇಲಿನ ಜೇಬಿನಲ್ಲಿ. ಫೋನು ಪ್ಲಾಸ್ಟಿಕ್ಕಿನಲ್ಲಿ, ಗುಡ್ಡದ ಆಚೆ ನೆಟ್‌ವರ್ಕ್ ಇಲ್ಲವಂತೆ ಆದರೂ.

"ಆ ತಿರುವು ಉಂಟಲ್ಲ" ಎಂದು ಕೈ ತೋರಿಸಿದರು, ಗುಡ್ಡದ ಮೂಗು ನೀರಿಗಿಳಿಯುವ ಜಾಗ. "ಅದರ ಆಚೆ ಮೀನು ಉಂಟಂತೆ. ವಾಪಸು ಬರುವಾಗ ತಿರುವಿನಲ್ಲೇ ಒಂದು ಸಲ ಪಂಪು ಹಾಕ್ತೇನೆ. ನೀರು ಚಿಮ್ಮುದು ಕಂಡ್ರೆ ಎಲ್ಲ ಸರಿ ಉಂಟು ಅಂತ."

"ತಳದಲ್ಲಿ ನೀರೇ ಇಲ್ಲದಿದ್ರೆ ಚಿಮ್ಮುದೆಂತ?"

ಸ್ವಲ್ಪ ಯೋಚಿಸಿದರು. "ನಿನಗೋಸ್ಕರ ಒಂದು ಬಕೆಟ್ ಹೊಯ್ಕೊಳ್ತೇನೆ."

ಹೋದರು. ತಿರುವಿನಲ್ಲಿ ಒಮ್ಮೆ ಹಿಂತಿರುಗಿ ನೋಡಿದರು, ಅಥವಾ ನನಗೆ ಹಾಗೆ ಕಂಡಿತು. ಮೋಟಾರಿನ ಸದ್ದು ಆಮೇಲೂ ಬರುತ್ತಿತ್ತು. ಈಗ ಇಲ್ಲ. ಗಾಳ ಹಾಕಲು ನಿಲ್ಲಿಸಿರಬೇಕು. ಗಾಳ ಹಾಕಲು ನಿಲ್ಲಿಸಲೇಬೇಕಲ್ಲ.

ಅಮೇಯ ಚಹಾ ತಂದ. ಕಾಕೂ, ಬಸಾ ನಾ. ಕೂತೆ. ಎದ್ದೆ. ಚಹಾ ಆರಿತು. ತೃಪ್ತಿ ಮೆಸೇಜ್ ಹಾಕಿದ್ದಾಳೆ, ಪಪ್ಪ ಹೋದ್ರಾ? ಹೂಂ ಎಂದು ಹಾಕಿದೆ. ನೀನು ಓಕೇನಾ? ಫೋನು ಚೀಲಕ್ಕೆ ಹಾಕಿದೆ.

ಬಿಸಿಲು ನೀರಿನ ಮೇಲೆ ಬಿದ್ದು ಕಣ್ಣು ಕೋರೈಸುತ್ತಿದೆ. ತಿರುವು ಸರಿಯಾಗಿ ಕಾಣುವುದಿಲ್ಲ. ಮತ್ತೆ ಮತ್ತೆ ಸೆರಗಿನ ಗಂಟು ಮುಟ್ಟಿ ನೋಡಿಕೊಳ್ಳುತ್ತಿದ್ದೇನೆ, ಆ ಒಂದು ಕಾಳು ನನ್ನ ಹತ್ತಿರ ಇರುವವರೆಗೆ ಅಲ್ಲಿ ಏನೂ ಸಿಕ್ಕಿಬೀಳುವುದಿಲ್ಲ ಎಂಬ ಹಾಗೆ. ಹುಚ್ಚು.

ಸದ್ದು. ಮೋಟಾರೇ. ಅಮೇಯನೂ ತಲೆ ಎತ್ತಿದ.

ಬಿಳಿ ಮೂತಿ. ಹೌದು. ಬರುತ್ತಿದೆ, ತಿರುವಿಗೆ ಬಂತು. ನಿಂತುಕೊಂಡೇ ಇದ್ದಾರೆ, ಕೂತುಕೊಳ್ಳಿ ಎಂದು ಎಷ್ಟು ಹೇಳಿದ್ದೆ. ಪಕ್ಕದಲ್ಲಿ ಇನ್ನೂ ಏನೂ ಕಾಣುವುದಿಲ್ಲ. ಹಾಕಿ. ಹಾಕಿ ಮಾರಾಯ್ರೆ, ಒಂದು ಸಲ. ನಾನು ಇಲ್ಲೇ ಇದ್ದೇನೆ. ಅಗೋ, ಚಿಮ್ಮಿತು.